ಮಕ್ಕಳ ಬೊಜ್ಜು ಮತ್ತು ಶಕ್ತಿಯ ಜಮಾಖರ್ಚು

ಶಕ್ತಿಯನ್ನು ಸೃಷ್ಟಿಸುವಂತಿಲ್ಲ, ನಾಶಗೊಳಿಸುವಂತೆಯೂ ಇಲ್ಲ. ಭೌತಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಕಲಿತಿರುವ ಈ ನಿಯಮಕ್ಕೆ ಮಾನವ ದೇಹವೂ ಹೊರತಲ್ಲ. ಆಹಾರದಿಂದ ದೊರೆತ ಶಕ್ತಿ ದೇಹದ ಶಾಖಕ್ಕೆ, ಚಲನೆಗೆ, ಬೆಳವಣಿಗೆಗೆ ವೆಚ್ಚವಾಗುತ್ತದೆ; ಮಿಕ್ಕುದು ಬಹುಮಟ್ಟಿಗೆ ಕೊಬ್ಬಾಗಿ ಶೇಖರವಾಗುತ್ತದೆ. ಮಕ್ಕಳಲ್ಲಿ ಬೊಜ್ಜು ಬೆಳೆಯುವುದು ಹೀಗೆ. ಹಾಗಾದರೆ ಓಡಾಡಿ ಅದನ್ನು ಕರಗಿಸಿದರಾಯಿತಲ್ಲವೆ? ಲೆಕ್ಕ ಮಾಡಿ ನೋಡೋಣ.

40 ಕಿಲೋಗ್ರಾಂ ತೂಕದ ಹುಡುಗನೊಬ್ಬನು 10 ಮೀಟರ್ ಎತ್ತರಕ್ಕೆ ಮೆಟ್ಟಿಲು ಹತ್ತುವನೆಂದು ಭಾವಿಸೋಣ. ಗುರುತ್ವಕ್ಕೆ ಎದುರಾಗಿ ಅವನು ಮಾಡುವ ಕೆಲಸ ಸುಮಾರು 3,900 ಜೂಲ್. ಎಂದರೆ ಒಂದು ಕಿಲೋಕ್ಯಾಲರಿಗೂ ತುಸು ಕಡಿಮೆ. ಸ್ನಾಯುಗಳು ತಾವು ಬಳಸುವ ಶಕ್ತಿಯ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದುದು ಶಾಖವಾಗಿ ಹೋಗುತ್ತದೆ. ಆದುದರಿಂದ ಅವನ ಒಟ್ಟು ವೆಚ್ಚ ಸುಮಾರು 4 ಕಿಲೋಕ್ಯಾಲರಿ. ಒಂದು ಗ್ರಾಂ ಸಕ್ಕರೆಯಲ್ಲಿರುವ ಶಕ್ತಿಯೂ ಅಷ್ಟೇ! 30 ಗ್ರಾಂ ಸಕ್ಕರೆ ಬೆರೆತ ಒಂದು ಶೀಸೆ ಪಾನೀಯದ ಋಣ ತೀರಬೇಕಾದರೆ ಆ ಮೆಟ್ಟಿಲುಗಳನ್ನು ಮೂವತ್ತು ಬಾರಿ ಹತ್ತಬೇಕು.

ಇದರಿಂದ ಆಟೋಟಗಳು ವ್ಯರ್ಥವೆಂದು ತಿಳಿಯಬಾರದು. ಅವು ಹೃದಯವನ್ನೂ ಮೂಳೆಗಳನ್ನೂ ಬಲಪಡಿಸುತ್ತವೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದಂತೂ ಹಾನಿಕರ. ಜಮೆ, ಖರ್ಚು ಎರಡನ್ನೂ ಸರಿದೂಗಿಸಬೇಕು. ಆದರೆ ಇವೆರಡೂ ಮಗುವಿನ ಕೈಯಲ್ಲಿವೆಯೆ? ಅಡುಗೆ ಮನೆಯವರದು, ತಿಂಡಿ ಅಂಗಡಿಯವನದು, ಆಟದ ಬಯಲು ಊರಿನದು. ಆದಕಾರಣ ಪಾಠವನ್ನು ಇಡೀ ಊರೇ ಕಲಿಯಬೇಕಾಗುತ್ತದೆ.

ಉತ್ತರ ಫ್ರಾನ್ಸಿನ ಫ್ಲೂರ್ಬೆ ಮತ್ತು ಲಾವಾಂತಿ ಎಂಬ ಎರಡು ಸಣ್ಣ ಊರುಗಳು ಇದನ್ನೇ ಮಾಡಿದುವು. 1992ರಲ್ಲಿ ಅಲ್ಲಿಯ ಶಾಲೆಗಳಲ್ಲಿ ಆಹಾರದ ಬಗೆಗೆ ಬೋಧನೆ ಆರಂಭವಾಯಿತು. ಮಕ್ಕಳ ತಿಳಿವಳಿಕೆ ಹೆಚ್ಚಿದರೂ ಅತಿತೂಕ ಮೊದಮೊದಲು ಏರುತ್ತಲೇ ಇತ್ತು. ಮುಂದೆ ಮನೆಯವರೂ ವೈದ್ಯರೂ ಪುರಸಭೆಯೂ ಕೈಜೋಡಿಸಿ, ಆಟದ ಸೌಕರ್ಯಗಳು ಹೆಚ್ಚಿದ ಮೇಲೆ ಅದು ಇಳಿಮುಖವಾಯಿತು. 2004ರಲ್ಲಿ ಅಲ್ಲಿ ನೂರಕ್ಕೆ 8.8 ಮಕ್ಕಳಿಗೆ ಅತಿತೂಕವಿದ್ದರೆ, ಇಂತಹ ಕಾರ್ಯಕ್ರಮವಿಲ್ಲದ ನೆರೆಯ ಊರುಗಳಲ್ಲಿ ಆ ಸಂಖ್ಯೆ 17.8. ಈ ಅಂತರಕ್ಕೆಲ್ಲ ಕಾರ್ಯಕ್ರಮವೊಂದೇ ಕಾರಣವೆಂದು ಸಾಧಿಸುವುದು ಕಷ್ಟ. ಆದರೂ ಅದೇ ವರ್ಷ ಫ್ರಾನ್ಸಿನ ಇನ್ನೂ ಹತ್ತು ಪಟ್ಟಣಗಳು ಈ ಮಾರ್ಗವನ್ನು ಹಿಡಿದುವು.

ಸ್ಥೂಲಕಾಯದ ಸಹಪಾಠಿಯನ್ನು ಸೋಮಾರಿಯೆಂದೋ ಹೊಟ್ಟೆಬಾಕನೆಂದೋ ಹಾಸ್ಯಮಾಡುವವರು ಈ ಲೆಕ್ಕವನ್ನು ನೆನೆಯಬೇಕು. ಅವನ ಕೈಗೆ ಸಿಹಿಯ ಶೀಸೆಯನ್ನು ಕೊಟ್ಟವರೂ, ಅವನು ಆಡಬೇಕಾಗಿದ್ದ ಬಯಲಿನಲ್ಲಿ ಕಟ್ಟಡ ಕಟ್ಟಿದವರೂ ಹಿರಿಯರಾದ ನಾವೇ. ಲೆಕ್ಕ ತಪ್ಪಿದುದು ನಮ್ಮಲ್ಲಿ, ತಿದ್ದಬೇಕಾದವರೂ ನಾವೇ.