ರೀಲು ತಿರುಗದ ದಿನ

ಥಾಣೆಯ ನಮ್ಮ ಮನೆಯ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ನನ್ನ ಫಿಲ್ಮ್ ರೋಲುಗಳ ಡಬ್ಬಿಯೂ ಇರುತ್ತದೆ. ಇಲ್ಲಿನ ಸೆಕೆಗೆ ಫಿಲ್ಮ್ ಬೇಗ ಕೆಡುತ್ತದೆ ಎಂದರೆ ಹೆಂಡತಿ ಒಪ್ಪುವುದಿಲ್ಲ. "ಮೊಬೈಲಿನಲ್ಲಿ ಸಾವಿರ ಫೋಟೋ ತೆಗೀಬಹುದು, ನಿಮ್ಮದು ಮೂವತ್ತಾರಕ್ಕೆ ಇಷ್ಟು ರಂಪ" ಎನ್ನುತ್ತಾಳೆ. ಅವಳು ಹೇಳುವುದೂ ಸುಳ್ಳಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ದೇಶೀ ಫಿಲ್ಮ್ ಮಾಡುತ್ತಿದ್ದ ಕಾಲ ಹೋಯಿತು. ಈಗ ಹೊರದೇಶದ ಮಾಲು. ಒಂದೊಂದು ಸಲ ಕ್ಲಿಕ್ ಮಾಡುವಾಗಲೂ ಕಿಸೆ ನೆನಪಾಗುತ್ತದೆ.

ಆದರೂ ಭಾನುವಾರ ಬಂತೆಂದರೆ ಚೀಲದಲ್ಲಿ ಹಳೆಯ ಕ್ಯಾಮೆರಾ ಹಾಕಿಕೊಂಡು ಹೊರಡುತ್ತೇನೆ. ಒಂದು ರೋಲ್, ಒಂದು ಲೋಕಲ್, ಒಂದು ಹೊಟೇಲು. ಇಷ್ಟೇ ನನ್ನ ನಿಯಮ.

ಥಾಣೆಯಲ್ಲಾದರೆ ಮಾಮಲೇದಾರ್ ಮಿಸಳ್. ತಹಶೀಲ್ದಾರ್ ಕಚೇರಿಯ ಬದಿಯ ಕ್ಯಾಂಟೀನಾದ್ದರಿಂದ ಆ ಹೆಸರು. ನಡೆಸಿಕೊಂಡು ಬಂದ ಮನೆತನದ ಅಡ್ಡಹೆಸರು ಮುರ್ಡೇಶ್ವರ ಎಂದು ಗೊತ್ತಾದ ದಿನ ಖಾರದಿಂದ ಬಂದ ಕಣ್ಣೀರಿನ ನಡುವೆಯೂ ನಕ್ಕಿದ್ದೆ. ಮರಾಠಿ ನಾಲಗೆ ಸುಡುವ ತಿಂಡಿಯ ಹಿಂದೆ ನಮ್ಮ ಕರಾವಳಿಯ ಊರಿನ ಹೆಸರು! ಕಲ್ಯಾಣಕ್ಕೆ ಹೋದರೆ ಖಿಡಕಿ ವಡಾ. ಮನೆಯ ಕಿಟಕಿಯಿಂದಲೇ ವಡೆ ಮಾರಲು ಶುರುಮಾಡಿದ್ದಕ್ಕೆ ಆ ಹೆಸರು. ವಡೆ ತಿಂದು ಎಣ್ಣೆಯ ಕೈ ಒರೆಸಿಕೊಂಡು, ಸಂಜೆಯ ಬೆಳಕಿಗೆ ದುರ್ಗಾಡಿ ಕೋಟೆಯ ಕಡೆ ನಡೆಯುತ್ತೇನೆ. ನವಿ ಮುಂಬಯಿಯಲ್ಲಿ ಒಮ್ಮೆ ನೆರೂಳಿನ ಜವುಗಿಗೆ ಬಂದ ಫ್ಲೆಮಿಂಗೋಗಳನ್ನು ಹಿಡಿಯಲು ಹೋಗಿದ್ದೆ. ಒಂದು ರೋಲು ಪೂರ್ತಿ ತೆಗೆದ ಮೇಲೆ ನೆನಪಾಯಿತು, ಕ್ಯಾಮೆರಾದಲ್ಲಿ ಇದ್ದದ್ದು ಕಪ್ಪು-ಬಿಳುಪು ಫಿಲ್ಮ್. ಗುಲಾಬಿ ಹಕ್ಕಿಗಳೆಲ್ಲ ಬೂದು ಕೊಕ್ಕರೆಗಳಾಗಿದ್ದವು.

ಅದು ನಗುವ ವಿಷಯ. ಡೊಂಬಿವಲಿಯದ್ದು ಹಾಗಲ್ಲ.

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ಸಣ್ಣ ಉಡುಪಿ ಹೊಟೇಲಿತ್ತು. ಗಲ್ಲಾದಲ್ಲಿ ಕೂರುತ್ತಿದ್ದವರು ಕುಂದಾಪುರದ ಕಡೆಯವರು. ಊರವರೆಲ್ಲ ಕರೆಯುವಂತೆ ನನಗೂ ಅವರು 'ಅಣ್ಣ'. ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. "ನಾಳೆಯಿಂದ ಶಟರ್ ಎಳೆದದ್ದೇ. ಒಂದು ಫೋಟೋ ತೆಗೀರಿ ಮಾರಾಯ್ರೆ" ಎಂದರು.

ಟ್ಯೂಬ್‌ಲೈಟಿನ ಬೆಳಕು ಬಣ್ಣದ ಫಿಲ್ಮಿನಲ್ಲಿ ಹಸಿರಾಗಿ ಬರುತ್ತದೆ. ಅದಕ್ಕೇ ಕಪ್ಪು-ಬಿಳುಪು ಹಾಕಿದ್ದೆ. ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಎದ್ದ ಹಬೆ, ಒಂದೇ ಕೈಯಲ್ಲಿ ಆರು ಗ್ಲಾಸು ಹಿಡಿದ ಹುಡುಗ, ಊದುಬತ್ತಿಯ ಹೊಗೆಗೆ ಮಸುಕಾದ ಕೃಷ್ಣನ ಪಟ, ಕೊನೆಗೆ ಗಲ್ಲಾದಲ್ಲಿ ಅಣ್ಣ. ಶಟರ್ ವೇಗ ಮೂವತ್ತನೇ ಒಂದು ಸೆಕೆಂಡು. ಕೈ ಅಲುಗದಂತೆ ಉಸಿರು ಬಿಗಿಹಿಡಿದು ತೆಗೆದೆ. ಲೆಕ್ಕದ ಮುಳ್ಳು 36 ದಾಟಿತು, 37, 38. ಲಿವರ್ ಬಿಗಿಯಾಗಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದೃಷ್ಟಕ್ಕೆ ಎರಡು ಹೆಚ್ಚೇ ಸಿಕ್ಕವು ಅಂದುಕೊಂಡೆ.

ರಾತ್ರಿ ಮನೆಯಲ್ಲಿ ರೀಲು ಹಿಂದಕ್ಕೆ ಸುತ್ತಲು ಹೋದರೆ ಕೈಗೆ ಭಾರವೇ ಇಲ್ಲ. ಹಿಂಬದಿ ತೆರೆದೆ. ಫಿಲ್ಮಿನ ತುದಿ ಹಲ್ಲುಗಳಿಗೆ ಸಿಕ್ಕಿಕೊಳ್ಳದೆ ಹಾಕಿದಲ್ಲೇ ಬಿದ್ದಿತ್ತು. ಒಂದು ಚಿತ್ರವೂ ಬಂದಿರಲಿಲ್ಲ. ಲಿವರ್ ಎಳೆದಾಗಲೆಲ್ಲ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಿದೆಯೇ ಎಂದು ನೋಡಬೇಕು. ಫಿಲ್ಮ್ ಬಳಸುವವರು ಮೊದಲ ದಿನ ಕಲಿಯುವ ಪಾಠ. ತಪ್ಪು ಪೂರ್ತಿ ನನ್ನದೇ. ಒಂದನ್ನಾದರೂ ಮೊಬೈಲಿನಲ್ಲಿ ತೆಗೆದುಕೊಳ್ಳುವಷ್ಟು ಬುದ್ಧಿಯೂ ಇರಲಿಲ್ಲ.

ಮಾರನೆಯ ದಿನ ಓಡಿದೆ. ಶಟರ್ ಮುಚ್ಚಿತ್ತು. ಫೋನು ಮಾಡಲು ಧೈರ್ಯ ಬಂದದ್ದು ಎರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ಅಣ್ಣ ಊರು ಸೇರಿದ್ದರು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋಗ್ಲಿ ಬಿಡಿ. ಮೂವತ್ತೆರಡು ವರ್ಷ ಅಲ್ಲಿ ಕೂತದ್ದು ಫೋಟೋ ಇಲ್ಲದಿದ್ರೆ ಸುಳ್ಳಾಗ್ತದಾ? ಊರಿಗೆ ಬನ್ನಿ, ಊಟ ಮಾಡಿ ಹೋಗಿ" ಎಂದರು.

ತಿರುಗದ ರೀಲಿನಿಂದ ಒಂದು ಉಪಕಾರವಿದೆ. ಅದಕ್ಕೆ ಬೆಳಕು ತಗಲಿರುವುದಿಲ್ಲ, ಮತ್ತೆ ಬಳಸಬಹುದು. ಅದೇ ರೋಲನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಹೋದ ಬೇಸಿಗೆಯಲ್ಲಿ ಕುಂದಾಪುರಕ್ಕೆ ಒಯ್ದೆ. ಅಣ್ಣ ಲುಂಗಿಯುಟ್ಟು ಜಗಲಿಗೆ ಬಂದು, "ಇಲ್ಲಿ ಗಲ್ಲಾ ಇಲ್ಲ ಮಾರಾಯ್ರೆ, ಎಲ್ಲಿ ಕೂರುವುದು?" ಎಂದು ನಕ್ಕರು. ಲಿವರ್ ಎಳೆದೆ. ಗುಂಡಿ ತಿರುಗಿತು.

ಥಾಣೆಗೆ ಬಂದು, ನಲ್ಲಿ ನೀರಿಗೆ ಐಸ್ ಹಾಕಿ 20 ಡಿಗ್ರಿಗೆ ಇಳಿಸಿ ನಾನೇ ಡೆವಲಪ್ ಮಾಡಿದೆ. ನಗುತ್ತಿರುವ ಅಣ್ಣ ಬಂದಿದ್ದಾರೆ. ಒಂದು ಪ್ರತಿ ಅವರ ಮನೆಗೂ ಹೋಗಿದೆ. ಹೊಟೇಲಿನ ಚಿತ್ರ ಮಾತ್ರ ಇನ್ನು ಸಿಗುವುದಿಲ್ಲ.

ನೀವು ದಿನಾ ಚಹಾ ಕುಡಿಯುವ ಹೊಟೇಲಿನ ಗಲ್ಲಾದಲ್ಲೂ ಇಂಥ ಒಬ್ಬ ಅಣ್ಣ ಇರಬಹುದು. ಫಿಲ್ಮೇ ಬೇಕೆಂದಿಲ್ಲ, ಮೊಬೈಲಿನಲ್ಲಾದರೂ ಒಂದು ಫೋಟೋ ತೆಗೆಯಿರಿ. ಶಟರ್ ಎಳೆಯುವ ಹಿಂದಿನ ದಿನದವರೆಗೆ ಕಾಯಬೇಡಿ.