ಎರಡೇ ತಂಡ, ಎರಡೇ ಪಂದ್ಯ: ಚಾಂಪಿಯನ್ ಯಾರು?

ಇಡೀ ಸೀಸನ್‌ಗೆ ಎರಡೇ ತಂಡ.
ಎರಡೇ ಪಂದ್ಯ.
ಇಬ್ಬರೂ ಒಂದೊಂದು ಗೆದ್ದರು.
ಹಾಗಾದ್ರೆ ನಂಬರ್ ಒನ್ ಯಾರು?

ಇದು 1869.
ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಮೊಟ್ಟಮೊದಲ ಸೀಸನ್.

ನವೆಂಬರ್ 6, ನ್ಯೂಜೆರ್ಸಿ.
ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ ವಿರುದ್ಧ 6-4ರಿಂದ ಗೆಲ್ತು.
ವಾರ ಕಳೀತು.
ಪ್ರಿನ್ಸ್‌ಟನ್ 8-0 ಅಂತ ಸೇಡು ತೀರಿಸ್ಕೊಳ್ತು.
ಮೂರನೇ ಪಂದ್ಯ?
ಅದು ನಡೆಯಲೇ ಇಲ್ಲ.

ಆಗ ರ‍್ಯಾಂಕಿಂಗ್ ಕೊಡೋರೇ ಇರಲಿಲ್ಲ.
ಅಸೋಸಿಯೇಟೆಡ್ ಪ್ರೆಸ್‌ನ ವಾರದ ಪಟ್ಟಿ ಶುರುವಾಗಿದ್ದೇ 1936ರಲ್ಲಿ.
ಹಳೇ ಸೀಸನ್‌ಗಳ ಚಾಂಪಿಯನ್‌ಗಳನ್ನ
ಎಷ್ಟೋ ವರ್ಷ ಆದ್ಮೇಲೆ ಆರಿಸಿದ್ರು.
ಪಾರ್ಕ್ ಡೇವಿಸ್ ಅನ್ನೋ ಇತಿಹಾಸಕಾರ
1930ರ ದಶಕದಲ್ಲಿ 1869ರವರೆಗೂ ಹಿಂದೆ ಹೋದ್ರು.
ಚಾಂಪಿಯನ್ ಆರಿಸೋಕೆ ಗಣಿತದ ಸೂತ್ರಗಳನ್ನೂ ಬಳಸಿದ್ರು.

ಈಗ ನೀವೇ ಲೆಕ್ಕ ಹಾಕಿ.
ಎರಡೂ ಪಂದ್ಯ ಕೂಡಿಸಿದ್ರೆ
ಪ್ರಿನ್ಸ್‌ಟನ್ 12, ರಟ್ಗರ್ಸ್ 6.
ಪ್ರಿನ್ಸ್‌ಟನ್ನೇ ಮುಂದೆ, ಅಲ್ವಾ?

ಸ್ವಲ್ಪ ತಡೀರಿ.
ನಮ್ಮೂರಲ್ಲಿ ಚಿನ್ನಿದಾಂಡು ಆಡಿದ್ರೆ ನಮ್ಮ ರೂಲ್ಸ್,
ನಿಮ್ಮೂರಲ್ಲಿ ಆಡಿದ್ರೆ ನಿಮ್ಮ ರೂಲ್ಸ್.
ಅಲ್ಲಿ ಆಗಿದ್ದೂ ಅದೇ!
ಗಾಳೀಲಿ ಬಂದ ಚೆಂಡು ಹಿಡಿದ್ರೆ ಫ್ರೀ ಕಿಕ್.
ಇದು ಪ್ರಿನ್ಸ್‌ಟನ್‌ನ ನಿಯಮ.
ಎರಡನೇ ಪಂದ್ಯ ನಡೆದಿದ್ದು
ಅವರದೇ ಊರಲ್ಲಿ, ಅವರದೇ ನಿಯಮದಲ್ಲಿ.

ಅಂದ್ರೆ, ಸ್ಕೋರ್ ಕೂಡಿಸಬಹುದು.
ಆದ್ರೆ ಆ ಎರಡು ಆಟ ಒಂದೇ ಅಲ್ಲ.

ಅದಕ್ಕೇ ಹಳೇ ಸೀಸನ್‌ಗೆ ರ‍್ಯಾಂಕ್ ಕೊಡೋವಾಗ
ಅಂಕಿಗಿಂತ ಮೊದಲು ನಿಯಮ ನೋಡ್ಬೇಕು.
ನನ್ನ ಪ್ರಕಾರ 1869ರ ಪಟ್ಟ ಇಬ್ಬರಿಗೂ ಸೇರಬೇಕು.
ನಿಮ್ಮ ವೋಟ್ ಯಾರಿಗೆ?
ಕಾರಣ ಸಮೇತ ಕಾಮೆಂಟ್ ಮಾಡಿ.