ಮನೆಯಂಗಳದಲ್ಲಿ ಆರು ಕೋಳಿ: ಮರಿ ತರುವ ಮುನ್ನ ತಿಳಿದಿರಬೇಕಾದದ್ದು



ಗುಲಾಬಿ, ಹಸಿರು, ಹಳದಿ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಬೀದಿಯಲ್ಲಿ ಮಾರುವುದನ್ನು ನೀವೆಲ್ಲ ನೋಡಿರುತ್ತೀರಿ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಎರಡು ಮರಿ ಕೊಡಿಸುತ್ತಾರೆ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ. ಮೂರು ದಿನದಲ್ಲಿ ಮರಿ ಸತ್ತಿರುತ್ತದೆ, ಮಗು ಅಳುತ್ತಿರುತ್ತದೆ. ಇಂಥ ಮರಿಗಳು ಹೆಚ್ಚಾಗಿ ಮೊಟ್ಟೆಕೋಳಿಯ ಹ್ಯಾಚರಿಗಳಲ್ಲಿ ಬೇಡವೆಂದು ಬೇರೆ ಮಾಡಿದ ಗಂಡುಮರಿಗಳು. ತಾಯಿಯ ಕಾವಿಲ್ಲದೆ, ತಕ್ಕ ಆಹಾರವಿಲ್ಲದೆ ಅವು ಬದುಕುವುದು ಕಷ್ಟ.

ಕೋಳಿ ಸಾಕಬೇಕೆಂಬ ಆಸೆ ತಪ್ಪಲ್ಲ. ಊರಿನ ಹಿತ್ತಲಿನಲ್ಲಿ ಅಜ್ಜಿ ಸಂಜೆ ಬುಟ್ಟಿ ಕವುಚಿ ಕೋಳಿ ಮುಚ್ಚುತ್ತಿದ್ದದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಆದರೆ ಊರಿನ ಹಿತ್ತಲು ಬೇರೆ, ಲೋಕಲ್ ಗಾಡಿ ಹಿಡಿದು ಓಡುವ ನಮ್ಮ ಬದುಕು ಬೇರೆ. ಆದ್ದರಿಂದ ಮರಿ ತರುವ ಮೊದಲು ಕೆಲವು ಲೆಕ್ಕ ಹಾಕಿಕೊಳ್ಳೋಣ.

ಯಾರಿಗೆ ಸಾಧ್ಯ?

ಡೊಂಬಿವಲಿಯ ಮೂರನೆಯ ಮಾಳಿಗೆಯ ಫ್ಲ್ಯಾಟಿನ ಬಾಲ್ಕನಿ ಕೋಳಿಗೆ ಜಾಗವಲ್ಲ. ವಾಸನೆ, ಸದ್ದು, ಹಿಕ್ಕೆ ಎಲ್ಲವೂ ನೆರೆಮನೆಗೆ ಹೋಗುತ್ತವೆ. ನವಿ ಮುಂಬಯಿಯ ಗಾವಠಾಣಗಳಲ್ಲಿ ಅಂಗಳವುಳ್ಳ ಮನೆ ಇರುವವರು, ಟಿಟ್ವಾಳಾ, ಬದ್ಲಾಪುರ, ಮುರಬಾಡ, ಶಹಾಪುರ, ಪನ್ವೇಲ್ ಕಡೆ ಸ್ವಂತ ಜಾಗ ಮಾಡಿಕೊಂಡು ಅಲ್ಲೇ ವಾಸಿಸುವವರು ಯೋಚಿಸಬಹುದು. ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ವಾರ್ಡ್ ಕಚೇರಿಯಲ್ಲಿ, ಸೊಸೈಟಿಯಿದ್ದರೆ ಅದರ ಪದಾಧಿಕಾರಿಗಳಲ್ಲಿ ಮೊದಲೇ ವಿಚಾರಿಸಿ.

ಜಾಗಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಬೆಳಿಗ್ಗೆ ಗೂಡಿನ ಬಾಗಿಲು ತೆರೆಯುವವರು ಯಾರು? ಕತ್ತಲಾಗುವ ಮುನ್ನ ಮುಚ್ಚುವವರು ಯಾರು? ಗಂಡ ಹೆಂಡತಿ ಇಬ್ಬರೂ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವವರಾದರೆ, ಮನೆಯಲ್ಲಿ ಹಿರಿಯರು ಇರಲೇಬೇಕು. ಸಂಜೆ ಒಂದು ದಿನ ಬಾಗಿಲು ಹಾಕಲು ಮರೆತರೂ ಬೀದಿನಾಯಿ, ಮುಂಗುಸಿ, ಹೆಗ್ಗಣ ಅದನ್ನು ಮರೆಯುವುದಿಲ್ಲ. ವಾರಕ್ಕೊಮ್ಮೆ ಮಾತ್ರ ಹೋಗಿಬರುವ ಫಾರ್ಮ್‌ಹೌಸಿನಲ್ಲಿ ಕೋಳಿ ಬೇಡ.

ಮೊದಲ ಶತ್ರು ಮಳೆ

ಠಾಣೆ ಜಿಲ್ಲೆಯಲ್ಲಿ ನಾಲ್ಕು ತಿಂಗಳಲ್ಲಿ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುತ್ತದೆ. ಉಲ್ಹಾಸ್ ನದಿಯ ದಂಡೆಯವರಿಗೆ 2005ರ ಜುಲೈ 26 ಮರೆತಿಲ್ಲ. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಯ ನಡುವೆ ನೀರಿನಲ್ಲಿ ಸಿಕ್ಕಿಬಿದ್ದದ್ದೂ ಇದೇ ಭಾಗದಲ್ಲಿ. ಕೋಳಿಗೂಡನ್ನು ಅಂಗಳದ ಅತಿ ಎತ್ತರದ ಮೂಲೆಯಲ್ಲಿ, ನೆಲದಿಂದ ಎರಡು ಅಡಿ ಮೇಲೆ ಕಟ್ಟಿಸಿ. ಇರಚಲು ಒಳಗೆ ಬಾರದಂತೆ ಛಾವಣಿ ಗೋಡೆಯಿಂದ ಮೂರು ಅಡಿ ಹೊರಚಾಚಿರಲಿ. ಆದರೆ ಮಳೆಗೆ ಹೆದರಿ ನಾಲ್ಕೂ ಕಡೆ ಪ್ಲಾಸ್ಟಿಕ್ ಬಿಗಿದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಒಳಗೇ ನಿಂತು ಕೋಳಿಗಳ ಕಣ್ಣು, ಶ್ವಾಸ ಕೆಡುತ್ತದೆ. ಗಾಳಿ ಮೇಲ್ಭಾಗದಿಂದ ಆಡಬೇಕು.

ಒಂದು ಕೋಳಿಗೆ ಗೂಡಿನೊಳಗೆ ಕನಿಷ್ಠ ಎರಡು ಚದರ ಅಡಿ ಬೇಕು, ಮೂರು ನಾಲ್ಕು ಇದ್ದರೆ ಒಳ್ಳೆಯದು. ನೆಲಕ್ಕೆ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಮೂರು ನಾಲ್ಕು ಇಂಚು ಹರಡಿ. ಅದನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ: ಉಂಡೆಯಾಗಿ ನಿಂತರೆ ಒದ್ದೆಯಾಗಿದೆ, ಬದಲಿಸಬೇಕು. ಒದ್ದೆ ಹೊಟ್ಟಿನಲ್ಲೇ ರಕ್ತಭೇದಿ ಹುಟ್ಟುತ್ತದೆ. ಮಳೆಗಾಲದಲ್ಲಿ ಮರಿಗಳನ್ನು ಹೆಚ್ಚಾಗಿ ಕೊಲ್ಲುವ ರೋಗಗಳಲ್ಲಿ ಇದೂ ಒಂದು. ಹಾಗಾಗಿ ಹೊಸದಾಗಿ ಆರಂಭಿಸುವವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲವೇ ಸರಿ. ಜೂನ್ ಬರುವ ಹೊತ್ತಿಗೆ ಮರಿಗಳು ಬಲಿತಿರುತ್ತವೆ, ನಿಮ್ಮ ಕೈಯೂ ಪಳಗಿರುತ್ತದೆ.

ಯಾವ ತಳಿ?

ನಾಟಿ ಕೋಳಿ ಗಟ್ಟಿ, ಆದರೆ ಮೊಟ್ಟೆ ಕಡಿಮೆ. ಹಿತ್ತಲಿಗೆಂದೇ ಸುಧಾರಿಸಿದ ತಳಿಗಳಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಅದರ ನಂತರ ಬಂದ ಸ್ವರ್ಣಧಾರ ಕನ್ನಡಿಗರಿಗೆ ಪರಿಚಿತ ಹೆಸರುಗಳು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ದೇಶದಾದ್ಯಂತ ಹರಡಿವೆ. ನಮ್ಮ ಬಳಿಯಲ್ಲೇ, ಗೋರೆಗಾಂವಿನ ಆರೇ ಮಿಲ್ಕ್ ಕಾಲೋನಿಯಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಪಶ್ಚಿಮ ವಲಯದ ಕೇಂದ್ರವಿದೆ. ಇಂಥದೇ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲೂ ಇದೆ. ಯಾವ ಮರಿ ಯಾವಾಗ ಸಿಗುತ್ತದೆಂದು ಅಲ್ಲಿ ಅಥವಾ ತಾಲೂಕಿನ ಪಶುವೈದ್ಯಕೀಯ ಆಸ್ಪತ್ರೆಯಲ್ಲಿ ಕೇಳಿ.

ಮೊಟ್ಟೆಗೆ ಹುಂಜ ಬೇಕಿಲ್ಲ. ಹೇಂಟೆ ತಾನಾಗಿಯೇ ಮೊಟ್ಟೆಯಿಡುತ್ತದೆ; ಮರಿ ಮಾಡಿಸಬೇಕಾದರೆ ಮಾತ್ರ ಹುಂಜ ಬೇಕು. ಬೆಳಗಿನ ಜಾವ ನಾಲ್ಕಕ್ಕೇ ಕೂಗುವ ಹುಂಜನಿಲ್ಲದಿದ್ದರೆ ನೆರೆಹೊರೆಯವರ ಜೊತೆ ಅರ್ಧ ಜಗಳ ತಪ್ಪುತ್ತದೆ.

ದಿನದ ಮರಿಯೋ, ಬೆಳೆದ ಮರಿಯೋ?

ಒಂದು ದಿನದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಇದಕ್ಕೆ ಹಳೆಯ ತಂತಿ ಬಲ್ಬೇ ಆಗಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿಯಾಗಿದೆ ಎಂದರ್ಥ. ದೂರ ಓಡಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯಾಗಿದೆ. ಎಲ್ಲೆಡೆ ಹರಡಿಕೊಂಡು ಓಡಾಡಿದರೆ ಸರಿಯಾಗಿದೆ.

ಲಸಿಕೆಯದು ಇನ್ನೊಂದು ತೊಡಕು. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ ಹಾಕಬೇಕು, ಎರಡನೆಯ ವಾರ ಗುಂಬೋರೊ ರೋಗದ ಲಸಿಕೆ, ಸುಮಾರು ಎಂಟನೆಯ ವಾರ ಮತ್ತೆ ಕೊಕ್ಕರೆ ರೋಗದ ಚುಚ್ಚುಮದ್ದು. ಲಸಿಕೆಯ ಶೀಶೆ ಸಾಮಾನ್ಯವಾಗಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟಿರುತ್ತದೆ, ಮಂಜುಗಡ್ಡೆಯಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಮರಿಗಾಗಿ ಇಷ್ಟೆಲ್ಲ ಮಾಡುವ ಬದಲು, ಲಸಿಕೆ ಹಾಕಿಸಿದ ಎರಡು ತಿಂಗಳ ಮರಿಗಳನ್ನು ಕೊಳ್ಳುವುದು ಜಾಣತನ. ದುಡ್ಡು ಹೆಚ್ಚು, ಸಾವು ಕಡಿಮೆ.

ಮೊಟ್ಟೆಯ ಲೆಕ್ಕ

ಹೇಂಟೆ ಮೊಟ್ಟೆಗೆ ಬರುವುದು ಸುಮಾರು ಐದು ತಿಂಗಳಿಗೆ. ಬಲಿತ ಕೋಳಿ ದಿನಕ್ಕೆ 110 ಗ್ರಾಂನಷ್ಟು ತಿನ್ನುತ್ತದೆ. ಆರು ಕೋಳಿಗೆ ತಿಂಗಳಿಗೆ 20 ಕಿಲೋ, ವರ್ಷಕ್ಕೆ 240 ಕಿಲೋ. ಒಂದೊಂದು 150 ಮೊಟ್ಟೆಯಿಟ್ಟರೆ ವರ್ಷಕ್ಕೆ 900. ನಿಮ್ಮೂರಿನ ಮೇವಿನ ದರವನ್ನು 240ರಿಂದ ಗುಣಿಸಿ, 900ರಿಂದ ಭಾಗಿಸಿ ನೋಡಿ. ಅಂಗಳದ ಹುಲ್ಲು, ಹುಳು, ಅಡುಗೆಮನೆಯ ಸೊಪ್ಪು, ಅನ್ನ ಸೇರಿದರೆ ಮೇವು ಸ್ವಲ್ಪ ಉಳಿಯುತ್ತದೆ. ಆದರೂ ಗೂಡಿನ ಖರ್ಚು ಸೇರಿಸಿದರೆ ಅಂಗಡಿಯ ಮೊಟ್ಟೆಗಿಂತ ಅಗ್ಗವಾಗುವುದು ಅಪರೂಪ. ತಾಜಾ ಮೊಟ್ಟೆ, ಗಿಡಗಳಿಗೆ ಗೊಬ್ಬರ, ಮಕ್ಕಳಿಗೆ ಒಂದು ಜವಾಬ್ದಾರಿ: ಲಾಭವೆಂದರೆ ಇಷ್ಟೇ. ಕೇವಲ ಅಕ್ಕಿ, ನುಚ್ಚು ಹಾಕಿದರೆ ಮೊಟ್ಟೆ ಬಾರದು. ಸುಣ್ಣದಂಶಕ್ಕೆ ಕಪ್ಪೆಚಿಪ್ಪಿನ ಪುಡಿ ಇಡಬೇಕು. ಮಳೆಗಾಲದಲ್ಲಿ ಮೇವನ್ನು ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಬೂಷ್ಟು ಹಿಡಿದ ಮೇವು ಕೋಳಿಗೆ ವಿಷ.

ಎರಡು ವರ್ಷದ ನಂತರ ಮೊಟ್ಟೆ ಕಡಿಮೆಯಾಗುತ್ತದೆ. ಹೆಸರಿಟ್ಟು ಕರೆದ ಕೋಳಿಯನ್ನು ಆಗ ಏನು ಮಾಡುವುದೆಂದು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಮಕ್ಕಳಿಂದ ಇದನ್ನು ಮುಚ್ಚಿಡಬೇಡಿ.

ಕೋಳಿ ಸತ್ತರೆ ಬಚ್ಚಿಡಬೇಡಿ

ದೇಶದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು ನಮ್ಮ ರಾಜ್ಯದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ, 2006ರ ಫೆಬ್ರವರಿಯಲ್ಲಿ. 2022ರ ಫೆಬ್ರವರಿಯಲ್ಲಿ ಅದು ನಮ್ಮ ಠಾಣೆ ಜಿಲ್ಲೆಗೇ ಬಂತು. ಶಹಾಪುರ ತಾಲೂಕಿನ ವೇಹಳೋಲಿಯಲ್ಲಿ ಸುಮಾರು ನೂರು ಕೋಳಿ ಸತ್ತವು. ರೋಗ ಖಚಿತವಾದ ಮೇಲೆ ಒಂದು ಕಿಲೋಮೀಟರ್ ಸುತ್ತಳತೆಯ ಸುಮಾರು 25,000 ಕೋಳಿಗಳನ್ನು ಕೊಲ್ಲಲು ಆದೇಶವಾಯಿತು. ಈ ನಿಯಮ ದೊಡ್ಡ ಫಾರಮ್ಮಿಗೂ ಒಂದೇ, ನಿಮ್ಮ ಆರು ಕೋಳಿಗೂ ಒಂದೇ.

ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಯಾದರೆ, ತಲೆ ಊದಿಕೊಂಡರೆ, ಸತ್ತದ್ದನ್ನು ಗಟಾರಕ್ಕೆ ಎಸೆಯಬೇಡಿ, ಉಳಿದದ್ದನ್ನು ಅವಸರದಲ್ಲಿ ಮಾರಬೇಡಿ. ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. 1962 ಪಶುವೈದ್ಯಕೀಯ ಸಹಾಯವಾಣಿ. ಇಂಥ ರೋಗದ ಅನುಮಾನ ಬಂದರೆ ತಿಳಿಸುವುದು 2009ರ ಕಾಯ್ದೆಯ ಪ್ರಕಾರ ಸಾಕಿದವರ ಕರ್ತವ್ಯ. ಸರ್ಕಾರ ಕೊಲ್ಲಿಸುವ ಕೋಳಿಗೆ ನಿಗದಿಯಾದ ಪರಿಹಾರವಿದೆ. ನೀವು ಒಂದು ದಿನ ಮುಚ್ಚಿಟ್ಟರೆ ಕೋಳಿಯನ್ನೇ ನಂಬಿದ ಪಕ್ಕದ ಹಳ್ಳಿಯ ಮನೆಗೆ ಪೆಟ್ಟು ಬೀಳುತ್ತದೆ.

ದಿನನಿತ್ಯವೂ ಗೂಡಿಗೆ ಹೋಗಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಬಂದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು ಕೋಳಿಯನ್ನು ಮುದ್ದಿಸಿ ಮುತ್ತಿಡದಂತೆ ನೋಡಿಕೊಳ್ಳಿ.

ಇಷ್ಟಕ್ಕೂ ಒಪ್ಪಿಗೆಯಾದರೆ ಮೊದಲು ಗೂಡು ಕಟ್ಟಿಸಿ, ಆಮೇಲೆ ಕೋಳಿ ತನ್ನಿ. ಈಗಾಗಲೇ ಸಾಕುತ್ತಿರುವ ಕೇಳುಗರು ತಮ್ಮ ಅನುಭವ ಬರೆದು ಕಳುಹಿಸಿದರೆ ಹೊಸಬರಿಗೆ ಅದೇ ದೊಡ್ಡ ನೆರವು.